ಕೂಲೆಂಟ್ ಅಂದ ಕೂಡ್ಲೇ ತಲೆಯಾಡಿಸ್ಬೇಡಿ
ತ್ಯಾವಣಿಗೆಯಿಂದ ದಾವಣಗೆರೆಗೆ ಹೈಬ್ರಿಡ್ ಕಾರನ್ನು ಸರ್ವಿಸ್‌ಗೆ ಒಯ್ದಿದ್ದೆವು. ‘ಮೇಡಂ, ಎರಡೂ ಕೂಲೆಂಟ್ ಬದಲಿಸ್ಬೇಕು’ ಅಂದ್ರು. ಯಜಮಾನ್ರು ತಲೆಯಾಡಿಸಿಯೇಬಿಟ್ರು!

ಎರಡು ಅಂದದ್ದು ಸುಳ್ಳಲ್ಲ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಂಥ ಕಾರುಗಳಲ್ಲಿ ಎಂಜಿನ್‌ಗೊಂದು, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಇನ್ವರ್ಟರ್‌ಗೊಂದು ಕೂಲೆಂಟ್ ಇರುತ್ತೆ. ಆದ್ರೆ ಈಗಲೇ ಬದಲಿಸ್ಬೇಕಾ? ಕಾರಿನ ಜೊತೆ ಕೊಟ್ಟ ಪುಸ್ತಕ ತೆರೆದೆ. ಎರಡರ ಗಡುವೂ ದೂರವಿತ್ತು. ತೋರಿಸಿದ್ದೇ ತಡ, ಎಸ್ಟಿಮೇಟ್‌ನಿಂದ ಆ ಸಾಲೇ ಮಾಯ!

ನೀವೂ ಪುಸ್ತಕ ಒಯ್ಯಿರಿ. ಎಷ್ಟು ಲೀಟರ್, ದರವೆಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿ. ತರಕಾರಿಯವಳ ಹತ್ರ ಎರಡು ರೂಪಾಯಿಗೆ ಚೌಕಾಸಿ ಮಾಡೋ ನಮಗೆ ಇಲ್ಲೇಕೆ ಸಂಕೋಚ? ಹಾಗಂತ, ಗಡುವು ಬಂದಾಗ ದುಡ್ಡು ಉಳಿಸೋಕೆ ಬೋರ್‌ವೆಲ್ ನೀರು ಮಾತ್ರ ಸುರಿಯಬೇಡಿ.