ಪಡುಕೆರೆಗೆ ಪಾಸ್‌ಪೋರ್ಟ್ ಇಲ್ಲ

ಮಾಲ್ಡೀವ್ಸ್ ಮುಳುಗ್ತದಂತೆ ಅಂದರೆ ನಮ್ಮ ಆಫೀಸಿನವರಿಗೆಲ್ಲ ಭಾರೀ ಬೇಜಾರು. 2009ರ ಅಕ್ಟೋಬರಿನಲ್ಲಿ ಅಲ್ಲಿನ ಅಧ್ಯಕ್ಷ ಮೊಹಮದ್ ನಶೀದ್ ಮಂತ್ರಿಗಳ ಬೆನ್ನಿಗೆ ಸಿಲಿಂಡರ್ ಕಟ್ಟಿಸಿ ಸಮುದ್ರದ ಅಡಿಯಲ್ಲಿ ಸಂಪುಟ ಸಭೆ ಮಾಡಿದ ಫೋಟೋ ಇವತ್ತಿಗೂ ಫಾರ್ವರ್ಡ್ ಆಗ್ತಾ ಇರ್ತದೆ. 2021ರಲ್ಲಿ ತುವಾಲು ದೇಶದ ವಿದೇಶಾಂಗ ಮಂತ್ರಿ ಸೈಮನ್ ಕೋಫೆ ಕೋಟು, ಟೈ ಹಾಕಿಕೊಂಡು, ಪ್ಯಾಂಟು ಮಡಚಿ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಮಾಡಿದ ಭಾಷಣವೂ ಹಾಗೇ. ನೋಡಿದವರೆಲ್ಲ ಕಣ್ಣೀರಿನ ಇಮೋಜಿ ಹಾಕಿದ್ದೇ ಹಾಕಿದ್ದು.

ಇದೇ ಜನ ವೀಕೆಂಡಿಗೆ ಮಲ್ಪೆಗೆ ಬರ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹತ್ತುತ್ತಾರೆ, ಕಂಬ ಕಂಬವಾಗಿ ನಿಂತ ಕಲ್ಲಿನೆದುರು ಸೆಲ್ಫಿ ತೆಗೀತಾರೆ, ಸೀ ವಾಕಿನಲ್ಲಿ ಒಂದು ಸುತ್ತು ಹೊಡೆದು, ಅಂಜಲ್ ಫ್ರೈ ತಿಂದು ರಾತ್ರಿ ಬಸ್ಸಿಗೆ ವಾಪಸ್. ಬಂದರಿನ ಪಕ್ಕದ ಸೇತುವೆ ದಾಟಿ ಪಡುಕೆರೆಗೆ ಹೋಗಿ ನೋಡಿದವರು ಎಷ್ಟು ಮಂದಿ?

ಮೊಬೈಲಿನಲ್ಲೇ ನಕ್ಷೆ ತೆಗೆದು ನೋಡಿ. ಪಡುಕೆರೆ ಅಂದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಉದ್ಯಾವರ ಹೊಳೆ, ನಡುವೆ ಒಂದು ರಿಬ್ಬನ್ನಿನಷ್ಟು ಮರಳು. ಅದರ ಮೇಲೆ ಒಂದು ರಸ್ತೆ, ತೆಂಗಿನ ಮರಗಳು, ಮನೆಗಳು. ಉತ್ತರಕ್ಕೆ ಸುವರ್ಣಾ, ಸೀತಾ ನದಿಗಳು ಕಡಲು ಸೇರುವಲ್ಲಿ ಕೋಡಿ ಬೆಂಗ್ರೆ ಇದೆ, ಅದೂ ಇದೇ ಜಾತಿಯದ್ದು. ದ್ವೀಪರಾಷ್ಟ್ರದ ಕಷ್ಟ ಎಲ್ಲ ಇಲ್ಲಿಯೂ ಉಂಟು. ಇಲ್ಲದ್ದು ಒಂದೇ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ.

ಅದರ ಬದಲು ಇವರಿಗೆ ಸಿಗುವುದು ಕಲ್ಲು.

ಜೂನ್ ಬಂತು, ಕಡಲು ರಸ್ತೆಗೆ ಬಂತು, ಪೇಪರಿನಲ್ಲಿ ‘ತೀವ್ರಗೊಂಡ ಕಡಲ್ಕೊರೆತ’ ಅಂತ ಬಂತು, ಅಧಿಕಾರಿಗಳ ಭೇಟಿ ಆಯಿತು, ತುರ್ತು ಕಾಮಗಾರಿ ಅಂತ ಲಾರಿಯಲ್ಲಿ ಬಂಡೆ ಬಂತು. ಮುಂದಿನ ಜೂನಿಗೆ ಇದೇ ಕಥೆ ಮತ್ತೆ ಮೊದಲಿನಿಂದ. ನನ್ನ ಕಸುಬಿನಲ್ಲಿ ಒಂದೇ ಬಗ್ಗಿಗೆ ಪ್ರತಿ ವರ್ಷ ಅದೇ ಪ್ಯಾಚ್ ಹಾಕಿ ಬಿಲ್ ಕಳಿಸಿದರೆ ಮೂರನೇ ವರ್ಷಕ್ಕೆ ಕ್ಲೈಂಟು ಮನೆಗೆ ಕಳಿಸ್ತಾನೆ. ಇಲ್ಲಿ ಕ್ಲೈಂಟು ಕಡಲಲ್ವಾ, ಅದಕ್ಕೆ ಬಿಲ್ ಓದಲಿಕ್ಕೆ ಬರುವುದಿಲ್ಲ.

ಕಲ್ಲಿನ ಗೋಡೆ ಮಾಡುವ ಕೆಲಸ ಎಂತ ಅಂತ ಸ್ವಲ್ಪ ನೋಡುವ. ಇಳಿಜಾರಿನ ಮರಳಿನ ಮೇಲೆ ಏರಿ ಬಂದ ಅಲೆ ಹೋಗ್ತಾ ಹೋಗ್ತಾ ಸುಸ್ತಾಗ್ತದೆ. ಗೋಡೆಗೆ ಬಡಿದ ಅಲೆ ಅದೇ ಜೋರಿನಲ್ಲಿ ಹಿಂದೆ ಹಾರಿ ಗೋಡೆಯ ಬುಡದ ಮರಳನ್ನೇ ಕೆರೆದುಕೊಂಡು ಹೋಗ್ತದೆ. ಬುಡ ಹೋದ ಮೇಲೆ ಬಂಡೆ ಕೂರುವುದೆಲ್ಲಿ? ಕೆಳಗೆ. ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದ ಮನೆಯವನ ದಂಡೆ ಹೋಗ್ತದೆ, ಆಗ ಅವನೂ ಕಲ್ಲು ಕೇಳ್ತಾನೆ. ಕೇಳುವುದು ತಪ್ಪಲ್ಲ. ರಾತ್ರಿ ಅಡುಗೆಮನೆಯ ಗೋಡೆಗೆ ಅಲೆ ಬಡಿಯುವಾಗ ‘ಕಲ್ಲು ಹಾಕಿಸಬೇಡಿ, ಅದು ವೈಜ್ಞಾನಿಕ ಅಲ್ಲ’ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ನನ್ನ ಜಗಳ ಅವನ ಹತ್ತಿರ ಅಲ್ಲ, ಆ ರಾತ್ರಿ ಬರ್ತದೆ ಅಂತ ಗೊತ್ತಿದ್ದೂ ಜನವರಿಯಲ್ಲಿ ಸುಮ್ಮನೆ ಕೂತವರ ಹತ್ತಿರ.

‘ಕಡಲ್ಕೊರೆತ ಅಜ್ಜನ ಕಾಲದಿಂದ ಉಂಟು ಮಾರಾಯ್ರೆ, ಇದಕ್ಕೆಲ್ಲ ಹವಾಮಾನ ಬದಲಾವಣೆ ಅಂತ ದೊಡ್ಡ ಹೆಸರು ಯಾಕೆ’ ಅನ್ನುವವರೂ ಇದ್ದಾರೆ. ಹೌದು, ಉಂಟು. ಮಳೆಗಾಲದಲ್ಲಿ ಕಡಲು ಮರಳು ಕೊಂಡು ಹೋಗ್ತಿತ್ತು, ಮಳೆ ನಿಂತ ಮೇಲೆ ಸಾಲ ತೀರಿಸಿದ ಹಾಗೆ ಮೆಲ್ಲ ತಂದು ಹಾಕ್ತಿತ್ತು. ಈಗ ತಂದು ಹಾಕುವ ಹೊತ್ತಿಗೇ ಹೊಸ ಕಳ್ಳ ಬರ್ತಾನೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂತು, 2007ರ ಗೋನು ಆದ ಮೇಲೆ ಅರಬ್ಬಿ ಸಮುದ್ರ ಕಂಡ ಮೊದಲ ಸೂಪರ್ ಸೈಕ್ಲೋನ್ ಅದು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತು, ಮಳೆಗಾಲ ಶುರುವಾಗುವ ಮೊದಲೇ. ಬಿಸಿಯಾದ ಕಡಲೇ ಇಂಥ ಗಾಳಿಗೆ ಗಂಜಿ. ಅದರ ಜೊತೆಗೆ ನೀರಿನ ಮಟ್ಟ. ಐಪಿಸಿಸಿಯ 2021ರ ವರದಿ ಪ್ರಕಾರ 2006ರಿಂದ 2018ರವರೆಗೆ ಪ್ರಪಂಚದ ಸಮುದ್ರ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಒಂದು ಕುಚ್ಚಲಕ್ಕಿ ಕಾಳಿನ ಉದ್ದ ಕೂಡ ಇಲ್ಲ, ನಗು ಬರ್ತದೆ. ಆದರೆ ಮಟ್ಟಸವಾದ ದಂಡೆಯಲ್ಲಿ ನೀರು ಮೇಲೆ ಏರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಒಳಗೆ ಬರ್ತದೆ.

ಎಲ್ಲವನ್ನೂ ಅಮೆರಿಕ, ಚೀನಾದವರ ತಲೆಗೆ ಕಟ್ಟಿ ಕೈ ತೊಳೆಯುವುದೂ ಬೇಡ. ಇದೇ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಹಡಗಿನಲ್ಲಿ ಹೊರದೇಶದಿಂದ ಮಂಗಳೂರಿಗೆ ಕಲ್ಲಿದ್ದಲು ಬರಬೇಕು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ. ಅದನ್ನು ಸುಟ್ಟು ಮಾಡಿದ ಕರೆಂಟು ತಂತಿ ಹಿಡಿದು ಘಟ್ಟ ಹತ್ತುತ್ತದೆ. ಬೆಂಗಳೂರಿನಲ್ಲಿ ನಾವು ಎಸಿ ಹೆಚ್ಚಾಯ್ತು ಅಂತ ಸ್ವೆಟರ್ ಹಾಕಿಕೊಂಡು ಕೋಡ್ ಬರೀತೇವಲ್ಲ, ಆ ಚಳಿಯಲ್ಲಿ ಎಲ್ಲೂರಿನ ಹೊಗೆಯದ್ದೂ ಪಾಲಿದೆ. ಪಡುಕೆರೆಯ ಮನೆಯಲ್ಲಿ ಇರುವುದು ನಾಲ್ಕು ಬಲ್ಬು, ಒಂದು ಫ್ಯಾನು.

ನಮ್ಮ ಆದ್ಯತೆಗಳನ್ನೂ ನೋಡಿ. 2016ರಲ್ಲಿ ಮಲ್ಪೆ ದೇಶದ ಮೊದಲ ವೈಫೈ ಬೀಚ್ ಅಂತ ಸುದ್ದಿಯಾಯಿತು. 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಬಂತು, ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಬಿಡಿಬಿಡಿಯಾಯಿತು. ಕಡಲು ಕಳಿಸಿದ ಅಷ್ಟು ಸ್ಪಷ್ಟವಾದ ಎರರ್ ಮೆಸೇಜನ್ನು ಓದಿದವರು ಕಾಣೆ. 2019ರ ಜನವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ಅಧಿಸೂಚನೆ, ಜನದಟ್ಟಣೆ ಇರುವ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಗಡಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಮೊಗವೀರರಿಗೆ ದೋಣಿ ಕಾಣುವಷ್ಟು ಹತ್ತಿರ ಮನೆ ಬೇಕು, ಅದು ನ್ಯಾಯ. ಆದರೆ ಅವರ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ರೆಸಾರ್ಟಿನವರು ಒಳಗೆ ಬರುವುದನ್ನು ತಡೆಯುವವರು ಯಾರು?

ತುವಾಲುವಿನಲ್ಲಿ ಇರುವುದು ಸುಮಾರು 11 ಸಾವಿರ ಜನ. 2023ರ ನವೆಂಬರಿನಲ್ಲಿ ಅವರು ಆಸ್ಟ್ರೇಲಿಯಾದ ಜೊತೆ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು, ಹೋಗುವುದೂ ಬಿಡುವುದೂ ಅವರವರ ಇಷ್ಟ. ಕಡಲು ಎಷ್ಟೇ ಏರಿದರೂ ತುವಾಲು ಒಂದು ದೇಶವಾಗಿಯೇ ಉಳಿಯುತ್ತದೆ ಅಂತಲೂ ಅದರಲ್ಲಿ ಬರೆದಿದೆ. ಆ ಒಪ್ಪಂದದ ಬಗ್ಗೆ ತಕರಾರು ಇರಬಹುದು, ಆದರೂ ಕೇಳಿ ಬರೆಸಿಕೊಂಡರು. ನಮ್ಮಲ್ಲಿ ಐದು ಸೆಂಟ್ಸ್ ಜಾಗ ಕಡಲಿನೊಳಗೆ ಹೋದರೆ ಬದಲು ಜಾಗ ಎಲ್ಲಿ, ಯಾರು ಕೊಡ್ತಾರೆ, ಅಲ್ಲಿಂದ ಬಂದರಿಗೆ ಎಷ್ಟು ದೂರ? ಇದನ್ನು ಮನೆ ನಿಂತಿರುವಾಗಲೇ, ಗ್ರಾಮಸಭೆಯಲ್ಲಿ, ಪಡುಕೆರೆ, ಬೆಂಗ್ರೆಯವರ ಎದುರು ಮಾತಾಡಬೇಕು. ಮನೆ ಬಿದ್ದ ಮೇಲೆ ಗಂಜಿ ಕೇಂದ್ರದಲ್ಲಿ ಅಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಆಗಲಿ. ಮುಂದಿನ ಲೋಡು ಕಲ್ಲು ಬರುವ ಮೊದಲು ಹಿಂದಿನ ಲೋಡುಗಳ ಲೆಕ್ಕ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ಎಕ್ಸೆಲ್ ಶೀಟು ಸಾಕು. ಎಲ್ಲಿ ಸುರಿದದ್ದು, ಯಾವ ತಿಂಗಳು, ಎಷ್ಟು ಲೋಡು, ಎಷ್ಟು ದುಡ್ಡು, ಅದರಲ್ಲಿ ಈಗ ಕಣ್ಣಿಗೆ ಕಾಣುವುದೆಷ್ಟು, ಪಕ್ಕದಲ್ಲಿ ಎಷ್ಟು ಮೀಟರ್ ದಂಡೆ ಹೋಯಿತು. ಮಾಡಲಿಕ್ಕೆ ಜನ ಇಲ್ಲ ಅಂತಾದರೆ ಹೇಳಿ. ಶನಿವಾರ ಊರಿಗೆ ಬಂದಾಗ ನಾನೇ ಮಾಡಿಕೊಡ್ತೇನೆ.