ಅಂಚಿನ ಊರಿಗೆ ನಾಲ್ವರು ಬೇಡ, ಒಬ್ಬರು ಸಾಕು

ಪುಣೆ ಮಹಾನಗರಪಾಲಿಕೆಯ ನೈಋತ್ಯದ ಅಂಚಿನಲ್ಲಿ ಶಿವಣೆ–ಖಡಕ್‌ವಾಸ್ಲಾ–ಧಾಯರಿ ಎಂಬ ಪ್ರಭಾಗ, ಅಂದರೆ ವಾರ್ಡು, ಇದೆ. ನಡುವೆ ಮುಠಾ ನದಿ ಹರಿಯುತ್ತದೆ. ಶಿವಣೆ ಕಡೆಯವರು ಎನ್‌ಡಿಎ ರಸ್ತೆ ಹಿಡಿದು ಪೇಟೆ ಸೇರುತ್ತಾರೆ. ಧಾಯರಿ ಕಡೆಯವರು ಸಿಂಹಗಡ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಂದು ದಡದವರ ತಲೆನೋವು ಇನ್ನೊಂದು ದಡಕ್ಕೆ ತಟ್ಟುವುದೇ ಇಲ್ಲ. ಆದರೂ 2026ರ ಜನವರಿ 15ರಂದು ಎರಡೂ ದಡದ ಮತದಾರರು ಅ, ಬ, ಕ, ಡ ಎಂಬ ನಾಲ್ಕು ಸ್ಥಾನಗಳಿಗೆ ನಾಲ್ಕು ಸಲ ಗುಂಡಿ ಒತ್ತಿ, ಒಟ್ಟಿಗೇ ನಾಲ್ವರು ನಗರಸೇವಕರನ್ನು ಆರಿಸಿದರು. ಈ ನಾಲ್ವರಲ್ಲಿ ಯಾವ ಬೀದಿ ಯಾರ ಪಾಲಿಗೆ ಎಂಬ ಹಂಚಿಕೆ ಇಲ್ಲ. ಎಲ್ಲ ಬೀದಿಯೂ ಎಲ್ಲರದು. ನಗರದ ನಡುಭಾಗದಲ್ಲಿ ಈ ಏರ್ಪಾಡು ಹೇಗೋ ನಡೆದೀತು. ಹೊಸದಾಗಿ ಊರಾಗುತ್ತಿರುವ ಹೊರವಲಯದಲ್ಲಿ ಮಾತ್ರ ಇದು ಯಾರನ್ನೂ ಹೊಣೆ ಹಿಡಿಯಲು ಬಿಡದ ಏರ್ಪಾಡು. ಅಲ್ಲಿಗೆ ಬೇಕಿರುವುದು ಪುಟ್ಟ ವಾರ್ಡು, ಒಬ್ಬನೇ ಸದಸ್ಯ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2017ರಲ್ಲಿ 11 ಹಳ್ಳಿಗಳನ್ನು, 2021ರ ಜೂನ್ 30ರಂದು ಇನ್ನೂ 23 ಹಳ್ಳಿಗಳನ್ನು ಪುಣೆ ತನ್ನ ತೆಕ್ಕೆಗೆ ಹಾಕಿಕೊಂಡಿತು. ವಿಸ್ತೀರ್ಣದಲ್ಲಿ ಮುಂಬಯಿಯನ್ನೂ ಹಿಂದಿಕ್ಕಿ ಮಹಾರಾಷ್ಟ್ರದ ಅತಿ ದೊಡ್ಡ ಪಾಲಿಕೆ ಎನಿಸಿಕೊಂಡಿತು. ಆ 23 ಹಳ್ಳಿಗಳಲ್ಲಿ ಅಲ್ಲಿಯವರೆಗೆ ಸರಪಂಚನಿದ್ದ, ಗ್ರಾಮ ಪಂಚಾಯಿತಿಯಿತ್ತು. ಎರಡೂ ಹೋದವು, ಅವುಗಳ ಜಾಗಕ್ಕೆ ಯಾರೂ ಬರಲಿಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿಯೇ ಮುಗಿದು ಆಯುಕ್ತರು ಆಡಳಿತಾಧಿಕಾರಿಯಾದರು. ಕಟ್ಟಡ ಯೋಜನೆಯ ಅಧಿಕಾರ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎ ಕೈಯಲ್ಲಿ, ನೀರು ಕೊಡುವ ಹೊಣೆ ಪಾಲಿಕೆಯ ತಲೆಯ ಮೇಲೆ. ಹೀಗಿರುವಾಗ 2025ರ ಜನವರಿಯಲ್ಲಿ ಗಿಲಾನ್–ಬಾರೆ ಕಾಯಿಲೆ ಕಾಣಿಸಿಕೊಂಡಿತು. ಹೆಚ್ಚು ರೋಗಿಗಳಿದ್ದದ್ದು ನಾಂದೇಡ್ (ಮರಾಠವಾಡದ್ದಲ್ಲ, ಸಿಂಹಗಡ ರಸ್ತೆಯದು), ಕಿರ್ಕಟ್‌ವಾಡಿ, ಖಡಕ್‌ವಾಸ್ಲಾ, ನಾಂದೋಶಿ, ಧಾಯರಿ ಸುತ್ತಮುತ್ತ. ಫೆಬ್ರವರಿ ನಡುವಿನ ಹೊತ್ತಿಗೆ ಶಂಕಿತರೂ ಸೇರಿ ಸಂಖ್ಯೆ 200 ದಾಟಿತು. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಎಲ್ಲರ ಕಣ್ಣು ಬಿದ್ದದ್ದು ನಾಂದೇಡಿನ ಒಂದು ದೊಡ್ಡ ಬಾವಿಯ ಮೇಲೆ: ಜಲಾಶಯದ ನೀರು ಆ ಬಾವಿಗೆ ಬಂದು, ಕ್ಲೋರಿನ್ ಬೆರೆತು, ಶುದ್ಧೀಕರಣ ಘಟಕದ ಮುಖ ಕಾಣದೆಯೇ ಮನೆಮನೆಯ ನಲ್ಲಿ ಸೇರುತ್ತಿತ್ತು. ಅದೇ ಖಡಕ್‌ವಾಸ್ಲಾ ಜಲಾಶಯದ ನೀರನ್ನು ಪರ್ವತಿಯಲ್ಲಿ ಶುದ್ಧಿ ಮಾಡಿ ಪುಣೆಯ ಪೇಟೆಗಳು ಕುಡಿಯುತ್ತವೆ. ಅಣೆಕಟ್ಟಿನ ಬುಡದಲ್ಲಿರುವವರಿಗೆ ಆ ಭಾಗ್ಯವಿಲ್ಲ.

ನಗರದ ನಡುವಿನ ಸದಾಶಿವ ಪೇಟೆಯಲ್ಲಿ ಕೊಳವೆ ಎಂದೋ ಬಿದ್ದಿದೆ. ಅಲ್ಲಿ ಜಗಳವೇನಿದ್ದರೂ ರಿಪೇರಿಯದು. ಅಂಚಿನಲ್ಲಿ ಎಲ್ಲವೂ ಮೊದಲ ಸಲ ಆಗಬೇಕು, ಆದ್ದರಿಂದ ಯಾರ ಬೀದಿಗೆ ಮೊದಲು ಎಂಬುದೇ ಅಲ್ಲಿನ ರಾಜಕಾರಣ. 2011ರ ಜನಗಣತಿಯ ಹಳೇ ಲೆಕ್ಕ ಹಿಡಿದರೂ ನಾಲ್ವರು ಸದಸ್ಯರ ಒಂದು ಪ್ರಭಾಗಕ್ಕೆ ಸರಾಸರಿ 84 ಸಾವಿರ ಜನ. ಅಷ್ಟು ಜನರ ನಡುವೆ ಪಕ್ಷದ ಚಿಹ್ನೆ ಓಡುತ್ತದೆಯೇ ಹೊರತು ಊರಿನ ಕೆಲಸಗಾರನ ಹೆಸರು ಓಡುವುದಿಲ್ಲ. ದೊಡ್ಡ ಹೌಸಿಂಗ್ ಸೊಸೈಟಿಗಳ ಮತಗಳ ಕಟ್ಟು ಸಿಕ್ಕರೆ ಗಾವಠಾಣದ ಬಾವಿ ನೀರು ಕುಡಿಯುವವರನ್ನು ಮರೆತೂ ಗೆಲ್ಲಬಹುದು. ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರನ್ನಂತೂ ಕೇಳುವವರೇ ಇಲ್ಲ; ಅವರಲ್ಲಿ ಎಷ್ಟೋ ಮಂದಿಯ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಒಂದು ವಾರ್ಡಿಗೆ ಎಷ್ಟು ಸದಸ್ಯರು ಎಂಬ ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಬಿಡಿಸಿಕೊಂಡಿತು. ಅಲ್ಲಿ ಮೂವರು ಸದಸ್ಯರ 40 ವಾರ್ಡುಗಳಿದ್ದವು. ಆ ಪಾಲಿಕೆಯ ಆಡಳಿತ ಪರಿಶೀಲಿಸಿದ 2014ರ ಕರ್ಸ್‌ಲೇಕ್ ವರದಿಯ ಬಳಿಕ ನಡೆದ ಮರುವಿಂಗಡಣೆಯಲ್ಲಿ, 2018ರಿಂದ 69 ವಾರ್ಡುಗಳಾದವು. 37ಕ್ಕೆ ಒಬ್ಬೊಬ್ಬರೇ, ಉಳಿದ 32ಕ್ಕೆ ಇಬ್ಬಿಬ್ಬರು. ಸುಮಾರು 11 ಸಾವಿರ ಜನರಿಗೆ ಒಬ್ಬ ಕೌನ್ಸಿಲರ್. ಪುಣೆಯದು ಅದರ ಎದುರು ದಾರಿ: 2007ರಲ್ಲಿ ಒಬ್ಬರು, 2012ರಲ್ಲಿ ಇಬ್ಬರು, 2017ರಲ್ಲಿ ನಾಲ್ವರು. ನಡುವೆ ಮೂವರೆಂದು ತೀರ್ಮಾನವಾಗಿ, ಸರ್ಕಾರ ಬದಲಾದ ಮೇಲೆ 2022ರ ಆಗಸ್ಟಿನಲ್ಲಿ ಮತ್ತೆ ನಾಲ್ವರು. ಮುಂಬಯಿಯಲ್ಲಿ ಮಾತ್ರ ಈ ಎಲ್ಲ ಚುನಾವಣೆಗಳಲ್ಲೂ 227 ವಾರ್ಡು, 227 ಸದಸ್ಯರು. ಒಂದೇ ರಾಜ್ಯದಲ್ಲಿ ಎರಡು ನ್ಯಾಯ ಏಕೆಂದು ಯಾವ ಸರ್ಕಾರವೂ ಮನಸ್ಸಿಗೆ ಒಪ್ಪುವಂತೆ ಹೇಳಿಲ್ಲ.

ಬಹುಸದಸ್ಯ ಪದ್ಧತಿಯ ಪರ ವಾದಿಸುವವರ ಬಳಿ ಒಂದು ಗಟ್ಟಿ ಮಾತಿದೆ. ಮಹಾರಾಷ್ಟ್ರದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಾಲ್ವರಿರುವ ಕಡೆ ಇಬ್ಬರು ಮಹಿಳೆಯರು ಇದ್ದೇ ಇರುತ್ತಾರೆ, ಹಿಂದುಳಿದವರಿಗೂ ದಲಿತರಿಗೂ ತಮ್ಮವರು ಎನ್ನುವವರು ಒಬ್ಬರಾದರೂ ಸಿಗುವ ಸಂಭವ ಹೆಚ್ಚು. ಒಬ್ಬನೇ ಸದಸ್ಯನಾದರೆ ಮೀಸಲಾತಿ ಸರದಿಯಂತೆ ತಿರುಗುತ್ತದೆ, ಕೆಲಸ ಮಾಡಿದವನು ಮುಂದಿನ ಸಲ ಅದೇ ವಾರ್ಡಿನಲ್ಲಿ ನಿಲ್ಲಲಾಗದೆ ಹೋಗಬಹುದು. ಇದು ನಿಜವಾದ ನಷ್ಟ, ಅಲ್ಲಗಳೆಯಲಾಗದು. ಆದರೆ ಮುಂಬಯಿಯಲ್ಲೂ ಅರ್ಧದಷ್ಟು ಮಹಿಳೆಯರು ಬರುತ್ತಾರೆ, ಒಬ್ಬೊಬ್ಬರ ವಾರ್ಡಿನಿಂದಲೇ. ಮೇಲಾಗಿ ಅಲ್ಲಿ ಗೆದ್ದ ಹೆಣ್ಣುಮಗಳು ಆ ವಾರ್ಡಿಗೆ ಏಕೈಕ ಪ್ರತಿನಿಧಿ. ನಾಲ್ವರ ಫಲಕದಲ್ಲಿ ‘ದಾದಾ’ನ ಪಕ್ಕದ ಫೋಟೊ ಆಗಿ ಉಳಿಯುವ ಅಪಾಯ ಆಕೆಗಿಲ್ಲ. ಎರಡನೆಯ ಆಕ್ಷೇಪ, ಪುಟ್ಟ ವಾರ್ಡು ಪುಟ್ಟ ಪಾಳೆಯಪಟ್ಟು ಆಗುತ್ತದೆ ಎಂಬುದು. ಪುಣೆಯ ಬಜೆಟ್ಟಿನ ‘ಸ ಯಾದಿ’ಯನ್ನು, ಅಂದರೆ ನಗರಸೇವಕರು ತಮ್ಮ ವಾರ್ಡಿಗೆಂದು ಬರೆಸಿಕೊಳ್ಳುವ ಕೆಲಸಗಳ ಪಟ್ಟಿಯನ್ನು ಬಲ್ಲವರು ಇದಕ್ಕೆ ನಕ್ಕಾರು. ಹೆಸರು ಬರೆಸಿದ ಬೆಂಚು, ಸ್ವಾಗತ ಕಮಾನು, ಬಟ್ಟೆ ಚೀಲಗಳ ಪದ್ಧತಿ ನಾಲ್ವರಾದಾಗ ನಿಲ್ಲಲಿಲ್ಲ. ಬೆಂಚಿನ ಮೇಲಿನ ಹೆಸರುಗಳು ಮಾತ್ರ ಹೆಚ್ಚಾದವು. ಪಾಳೆಯಗಾರ ಒಬ್ಬನೇ ಆದರೆ ಐದು ವರ್ಷಕ್ಕೊಮ್ಮೆ ಅವನನ್ನು ಇಳಿಸಲಾದರೂ ಬರುತ್ತದೆ.

ಕುಡಿಯುವ ನೀರನ್ನು ತರುವುದು ಇಂಜಿನಿಯರು, ನಗರಸೇವಕನಲ್ಲ ಎಂಬುದು ಇನ್ನೊಂದು ಮಾತು. ಇದರಲ್ಲಿ ಹುರುಳಿದೆ, ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ ಬಿಬಿಎಂಪಿ ಸೇರಿದ 110 ಹಳ್ಳಿಗಳಿಗೆ ಒಬ್ಬೊಬ್ಬ ಸದಸ್ಯನ ವಾರ್ಡುಗಳೇ ಇದ್ದವು; ಆದರೂ ಆ ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಬರ್ಮಿಂಗ್‌ಹ್ಯಾಮ್ ಕೂಡ ಪುಟ್ಟ ವಾರ್ಡುಗಳಾದ ಐದೇ ವರ್ಷಕ್ಕೆ, 2023ರ ಸೆಪ್ಟೆಂಬರಿನಲ್ಲಿ, ಬೊಕ್ಕಸ ಬರಿದೆಂದು ನೋಟಿಸು ಹೊರಡಿಸಿತು. ವಾರ್ಡು ಚಿಕ್ಕದಾದ ಮಾತ್ರಕ್ಕೆ ದುಡ್ಡು ಹುಟ್ಟುವುದಿಲ್ಲ, ಕೊಳವೆ ಬೀಳುವುದಿಲ್ಲ. ಆದರೆ ಸಂಸ್ಕರಿಸದ ನೀರು ವರ್ಷಗಟ್ಟಲೆ ಹರಿಯುತ್ತಿದ್ದರೂ ಅದು ಸುದ್ದಿಯಾಗಲು ಆಸ್ಪತ್ರೆಗಳು ತುಂಬಬೇಕಾಯಿತು ಎಂಬುದು ಇಂಜಿನಿಯರಿಂಗಿನ ಸೋಲಲ್ಲ. ನಾಂದೇಡಿನ ಬಾವಿಯ ವಿಷಯ ಪಾಲಿಕೆಯ ಸಭೆಯಲ್ಲಿ ಎತ್ತಿ, ಉತ್ತರ ಬರುವವರೆಗೆ ಕೂರದೆ ನಿಲ್ಲಬೇಕಾದವನೇ ಆ ಹಳ್ಳಿ ಪಾಲಿಕೆ ಸೇರಿದಂದಿನಿಂದ ಚುನಾವಣೆಯವರೆಗಿನ ನಾಲ್ಕೂವರೆ ವರ್ಷ ಇರಲಿಲ್ಲ. ಆಡಳಿತಾಧಿಕಾರಿಯಿದ್ದರೆ ಕೆಲಸ ಚುರುಕು ಎನ್ನುವವರು ಈ ಅವಧಿಯನ್ನು ಒಮ್ಮೆ ನೋಡಬೇಕು. 2020ರ ಸೆಪ್ಟೆಂಬರಿನಿಂದ ಬಿಬಿಎಂಪಿಯೇ ಇಲ್ಲವಾಗುವವರೆಗೆ ಚುನಾವಣೆಯಿಲ್ಲದೆ ಕಳೆದ ಬೆಂಗಳೂರಿಗರೂ.

ಈಗ ಆಯ್ಕೆಯಾದವರ ಅವಧಿಯಲ್ಲಿ ವಿಂಗಡಣೆ ಬದಲಾಗದು. ಆದರೆ ನಾಲ್ವರೂ ಕೂತು ಯಾವ ಭಾಗದ ಹೊಣೆ ಯಾರದು ಎಂದು ಬರೆದು ಕ್ಷೇತ್ರೀಯ ಕಚೇರಿಯ ಗೋಡೆಗೆ ಅಂಟಿಸಲು ಕಾನೂನು ತಿದ್ದಬೇಕಿಲ್ಲ. ಶಿವಣೆಗೊಬ್ಬರು, ಖಡಕ್‌ವಾಸ್ಲಾಕ್ಕೊಬ್ಬರು ಎಂದರೆ ಮುಗಿಯಿತು. ಉಳಿದದ್ದು 2027ರ ಜನಗಣತಿಯ ಮೇಲೆ ನಿಂತಿದೆ. ಹದಿನಾರು ವರ್ಷಗಳಲ್ಲಿ ಈ ಹಳ್ಳಿಗಳು ಎಷ್ಟು ಉಬ್ಬಿವೆ ಎಂಬುದು ಆಗ ಕಾಗದದ ಮೇಲೆ ಬರುತ್ತದೆ, ಹೊಸ ಗಡಿ ಎಳೆಯಲೇಬೇಕಾಗುತ್ತದೆ. ಒಂದು ಪ್ರಭಾಗಕ್ಕೆ ಎಷ್ಟು ಸದಸ್ಯರು ಎಂಬುದನ್ನು ಆ ಅಂಕಿಗಳು ಬರುವ ಮೊದಲೇ, ಯಾವ ಪಕ್ಷಕ್ಕೆ ಯಾವ ಗಡಿ ಲಾಭವೆಂದು ಯಾರಿಗೂ ಗೊತ್ತಿಲ್ಲದ ಈ ಹೊತ್ತಿನಲ್ಲೇ, ಮಹಾರಾಷ್ಟ್ರದ ವಿಧಾನಸಭೆ ಕಾಯಿದೆಯಲ್ಲಿ ಬರೆದುಬಿಡಬೇಕು.