ಪ್ರತಿಯ ಪರೀಕ್ಷೆ

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಅದನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಅದರಲ್ಲಿದ್ದ ದೂರದೃಷ್ಟಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಗೆದ್ದಲೋ ಬೆಂಕಿಯೋ ಒಂದೂರಿನ ಕಟ್ಟನ್ನು ನುಂಗಿದರೂ ಇನ್ನೊಂದೂರಿನಲ್ಲಿ ಕಾವ್ಯವು ಉಳಿಯುತ್ತದೆ.

ಇಂದು ಮನೆಯ ಕಂಪ್ಯೂಟರೇ ಅನೇಕರ ಪಾಲಿಗೆ ಓಲೆಯ ಕಟ್ಟಾಗಿದೆ. ಅಜ್ಜಿಯ ಭಾವಚಿತ್ರ, ತಂದೆಯ ಲೆಕ್ಕಪತ್ರ, ನಿಮ್ಮ ಪಾಠದ ಟಿಪ್ಪಣಿ ಎಲ್ಲವೂ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಅಡಗಿರುತ್ತವೆ. ಆ ಡಿಸ್ಕು ಎಂದಾದರೊಂದು ದಿನ ಕೆಡುವುದು ನಿಶ್ಚಯ. ಕಡತಗಳನ್ನಷ್ಟೇ ನಕಲು ಮಾಡಿಟ್ಟವರಿಗೆ ಚಿತ್ರಗಳೇನೋ ದಕ್ಕುತ್ತವೆ. ಆದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನೂ ಉಳಿದ ತಂತ್ರಾಂಶಗಳನ್ನೂ ಮೊದಲಿನಿಂದ ಅಳವಡಿಸಬೇಕಾಗುತ್ತದೆ. ಡಿಸ್ಕ್ ಇಮೇಜ್, ಎಂದರೆ ಇಡೀ ಡಿಸ್ಕಿನ ಪಡಿಯಚ್ಚು, ಈ ಶ್ರಮವನ್ನು ತಪ್ಪಿಸುತ್ತದೆ. ಅದನ್ನು ತೆಗೆಯುವ ಕ್ಲೋನ್‌ಜಿಲ್ಲಾದಂಥ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಹಳೆಯ ಡಿಸ್ಕು ಕೆಟ್ಟಾಗ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಆರಂಭಿಸಿ, ಪಡಿಯಚ್ಚನ್ನು ಹೊಸ ಡಿಸ್ಕಿನ ಮೇಲೆ ಇಳಿಸಿದರೆ ಯಂತ್ರವು ಮೊದಲಿನಂತೆ ಎದ್ದು ನಿಲ್ಲುತ್ತದೆ. ಮೊದಲಿನಂತೆ ಎಂದರೆ ಅಚ್ಚು ತೆಗೆದ ದಿನದಂತೆ. ಆಮೇಲೆ ಬರೆದದ್ದು ಅದರಲ್ಲಿರದು.

ಆದರೆ ಪ್ರತಿಯೊಂದಿದೆ ಎಂದು ನಿಶ್ಚಿಂತರಾಗಿ ಮಲಗುವವರನ್ನು ನಾನು ಒಪ್ಪಲಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಲನಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದವು. ಬ್ಯಾಕಪ್ ಪ್ರತಿಗಳು ಇದ್ದವು. ಆದರೆ ಅವು ಸರಿಯಾಗಿಲ್ಲವೆಂಬುದು ಬೇಕಾದ ಹೊತ್ತಿಗೇ ಬಯಲಾಯಿತು. ಅವನ್ನು ಆಗ ನಿಯಮಿತವಾಗಿ ಪರೀಕ್ಷಿಸುತ್ತಿರಲಿಲ್ಲ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್ ಆಗ ಹಸುಗೂಸಿನ ತಾಯಿ. ಮನೆಯಿಂದಲೇ ಕೆಲಸ ಮಾಡುವುದಕ್ಕಾಗಿ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿಯಿತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದರು.

ಮನೆಯಲ್ಲಿ ನಾವು ಮಾಡುವ ತಪ್ಪೂ ಇದೇ. ಪ್ರತಿ ತೆಗೆಯುತ್ತೇವೆ, ತೆರೆದು ನೋಡುವುದಿಲ್ಲ. ಇಲ್ಲವೆ ಅದನ್ನು ಸದಾ ಕಂಪ್ಯೂಟರಿಗೇ ತಗುಲಿಸಿಡುತ್ತೇವೆ. 2017ರಲ್ಲಿ ಹಬ್ಬಿದ ವನ್ನಾಕ್ರೈ ಎಂಬ ಕುತಂತ್ರಾಂಶವು ಹಾಗೆ ತಗುಲಿಸಿದ ಡಿಸ್ಕುಗಳ ಕಡತಗಳಿಗೂ ಬೀಗ ಹಾಕಿತು.

ನಮ್ಮ ಮನೆಯ ಒಂದು ಪ್ರತಿ ಬೇರೆ ಊರಿನಲ್ಲಿರುವ ತಂಗಿಯ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದನ್ನು ಅಲ್ಲಿಟ್ಟು ಹಳೆಯದನ್ನು ತರುತ್ತೇನೆ. ತಂದುದನ್ನು ಬಿಡಿ ಡಿಸ್ಕೊಂದರ ಮೇಲೆ ಇಳಿಸಿ, ಕಂಪ್ಯೂಟರು ಅದರಿಂದ ಆರಂಭವಾಗುವುದೇ ಎಂದು ನೋಡುತ್ತೇನೆ. ಕಳೆದ ಬಾರಿ ಎರಡು ಗಂಟೆ ಹಿಡಿಯಿತು.